ಅರಬರ ವ್ಯಾಪಾರ: ಮೊದಲು ಪರಿಚಯ, ಆಮೇಲೆ ಪತ್ರ

ಕೊಲ್ಲಿ ರಾಷ್ಟ್ರಗಳಿಗೆ ಹೊಸದಾಗಿ ವ್ಯಾಪಾರಕ್ಕೆಂದು ಹೋಗಿಬಂದವರಿಂದ ಒಂದು ದೂರು ಆಗಾಗ ಕೇಳಿಬರುತ್ತದೆ. ದರಪಟ್ಟಿ, ಸರಕಿನ ಮಾದರಿ ಎಲ್ಲವನ್ನೂ ಹಿಡಿದುಕೊಂಡು ಹೋದರೆ ಅಲ್ಲಿನ ಯಜಮಾನರು ಊರು, ತಂದೆತಾಯಿ, ಪ್ರಯಾಣ ಎಂದು ಮಾತು ತೆಗೆಯುತ್ತಾರೆ. ಖರ್ಜೂರ ಬರುತ್ತದೆ, ಕಾಫಿ ಬರುತ್ತದೆ. ನಡುವೆ ಇನ್ನಿಬ್ಬರು ಬಂದು ಕುಳಿತುಕೊಳ್ಳುತ್ತಾರೆ. ಗಂಟೆ ಕಳೆದರೂ ದರದ ಮಾತೇ ಇಲ್ಲ. ಕೊನೆಗೆ, 'ಇನ್‌ಷಾ ಅಲ್ಲಾ, ಮತ್ತೆ ಕುಳಿತು ಮಾತಾಡೋಣ' ಎಂದು ಬೀಳ್ಕೊಡುತ್ತಾರೆ. ಹೋದವರು ಒಂದು ದಿನ ಹಾಳಾಯಿತೆಂದು ಬೇಸರಪಡುತ್ತಾರೆ. ಕರೆದು ಕೂರಿಸಿದವರ ಲೆಕ್ಕದಲ್ಲಾದರೋ ಆ ದಿನ ಅರ್ಧ ಕೆಲಸ ಮುಗಿದಿರುತ್ತದೆ.

ಇದನ್ನು 'ಅವರ ಸ್ವಭಾವವೇ ಹಾಗೆ' ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ನಡವಳಿಕೆಯ ಹಿಂದೆ ಶತಮಾನಗಳ ವ್ಯಾಪಾರದ ಅನುಭವವಿದೆ. ಅದರಲ್ಲಿ ನಮ್ಮ ಕರಾವಳಿಯ ಪಾಲೂ ಇದೆ.

ಮಕ್ಕಾ ಬೆಳೆ ಬೆಳೆಯುವ ಊರಾಗಿರಲಿಲ್ಲ. ಅಲ್ಲಿನ ಖುರೈಷ್ ಬುಡಕಟ್ಟಿನವರು ಒಂಟೆಗಳ ಸಾಲು ಕಟ್ಟಿಕೊಂಡು ವ್ಯಾಪಾರ ಮಾಡುತ್ತಿದ್ದರು. ಅವರ ಚಳಿಗಾಲದ ಮತ್ತು ಬೇಸಿಗೆಯ ಯಾತ್ರೆಗಳ ಪ್ರಸ್ತಾಪ ಕುರಾನಿನಲ್ಲಿಯೇ ಇದೆ. ಪ್ರವಾದಿ ಮುಹಮ್ಮದರು ತರುಣರಾಗಿದ್ದಾಗ ಖದೀಜಾ ಎಂಬ ಶ್ರೀಮಂತ ವರ್ತಕಿಯ ಪ್ರತಿನಿಧಿಯಾಗಿ ಸಿರಿಯಾದ ಕಡೆಗೆ ಸರಕು ಒಯ್ದಿದ್ದರೆಂದೂ, ಜನ ಅವರನ್ನು 'ಅಲ್ ಅಮೀನ್', ಅಂದರೆ ನಂಬಿಕಸ್ಥ, ಎಂದು ಕರೆಯುತ್ತಿದ್ದರೆಂದೂ ಅವರ ಚರಿತ್ರೆ ಹೇಳುತ್ತದೆ.

ಅಂಥ ವ್ಯಾಪಾರದಲ್ಲಿ ಹಣ ಹಾಕಿದವರು ಊರಿನಲ್ಲಿರುತ್ತಾರೆ, ಸರಕು ತಿಂಗಳುಗಟ್ಟಲೆ ಮರಳುಗಾಡಿನಲ್ಲಿರುತ್ತದೆ. ಇದಕ್ಕೆ ತಕ್ಕಂತೆ ರೂಪುಗೊಂಡ ಪಾಲುದಾರಿಕೆಗೆ 'ಕಿರಾದ್' ಅಥವಾ 'ಮುದಾರಬಾ' ಎಂದು ಹೆಸರು. ಬಂಡವಾಳ ಒಬ್ಬರದು, ದುಡಿಮೆ ಇನ್ನೊಬ್ಬರದು. ಲಾಭವನ್ನು ಮೊದಲೇ ಒಪ್ಪಿಕೊಂಡ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು. ದುಡಿಯುವವನ ತಪ್ಪಿಲ್ಲದೆ ನಷ್ಟವಾದರೆ ಒಬ್ಬನ ಹಣ ಹೋಗುತ್ತದೆ, ಇನ್ನೊಬ್ಬನ ದುಡಿಮೆ ಹೋಗುತ್ತದೆ. ಹಡಗು ಮುಳುಗಿತೆಂದು ಪಾಲುದಾರ ಬಂದು ಹೇಳಿದರೆ ಅದು ನಿಜವೋ ಸುಳ್ಳೋ ಎಂದು ತಿಳಿಯುವ ದಾರಿ ಕಡಿಮೆ. ಆದ್ದರಿಂದ ಹಣ ಕೊಡುವ ಮೊದಲೇ ಮನುಷ್ಯ ಎಂಥವನು, ಯಾರ ಮಗ, ಅವನ ಪರವಾಗಿ ಮಾತಾಡುವವರು ಯಾರು ಎಂದು ವಿಚಾರಿಸಬೇಕಾಗಿತ್ತು. ಇಂದು ನಮಗೆ ಕಾಡುಹರಟೆಯಂತೆ ಕೇಳಿಸುವ ಪ್ರಶ್ನೆಗಳ ಮೂಲ ಇದು.

ಹಾಗೆಂದು ಅರಬರ ವ್ಯವಹಾರ ಬರೀ ಬಾಯಿಮಾತಿನದು ಎಂದು ತಿಳಿಯುವುದು ತಪ್ಪು. ಕುರಾನಿನ ಅತಿ ದೀರ್ಘ ವಚನ ಸಾಲದ ವ್ಯವಹಾರಕ್ಕೆ ಸಂಬಂಧಿಸಿದ್ದು. ಮೊತ್ತ ದೊಡ್ಡದಿರಲಿ ಚಿಕ್ಕದಿರಲಿ, ಅವಧಿಯೊಡನೆ ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದು ಅದು ವಿಧಿಸುತ್ತದೆ. ಅಂದರೆ ನಂಬಿಕೆಯೂ ಬೇಕು, ಪತ್ರವೂ ಬೇಕು. ಸರದಿಯಲ್ಲಿ ಮಾತ್ರ ನಂಬಿಕೆ ಮೊದಲು.

ಈ ಪದ್ಧತಿ ಸಮುದ್ರ ದಾಟಿ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಮಂಗಳೂರಿನದೇ ಒಂದು ಸಾಕ್ಷ್ಯವಿದೆ. ಕೈರೋ ನಗರದ ಹಳೆಯ ಯೆಹೂದಿ ಪ್ರಾರ್ಥನಾಮಂದಿರವೊಂದರ ಕೋಣೆಯಲ್ಲಿ ಶತಮಾನಗಳಿಂದ ತುಂಬಿದ್ದ ಹಳೆಯ ಕಾಗದಗಳು 19ನೆಯ ಶತಮಾನದ ಕೊನೆಗೆ ವಿದ್ವಾಂಸರ ಕೈಸೇರಿದವು. ಅವುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳೂ ಇದ್ದವು. ಟ್ಯುನೀಸಿಯಾದಿಂದ ಬಂದ ಈ ಯೆಹೂದಿ 1132ರಲ್ಲಿ ಮಂಗಳೂರಿನಲ್ಲಿದ್ದ; 1149ರಲ್ಲಿ ಏಡನ್‌ಗೆ ಹಿಂದಿರುಗಿದ. ಧರ್ಮದಿಂದ ಯೆಹೂದಿಯಾದರೂ ಅವನ ವ್ಯವಹಾರದ ಭಾಷೆ ಅರಬಿ, ವ್ಯಾಪಾರದ ರೀತಿ ಅರಬರ ಲೋಕದ್ದು. ಅವನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಆಳು ನಮ್ಮ ಕಡೆಯವನು. ಅವನ ಹೆಸರು ಬೊಮ್ಮ ಎಂದು ಲೇಖಕ ಅಮಿತಾವ್ ಘೋಷ್ ಗುರುತಿಸಿದ್ದಾರೆ. ಏಡನ್ನಿನ ವರ್ತಕರು ತಮ್ಮ ಪತ್ರದಲ್ಲಿ ಈ ಆಳಿಗೂ ಕ್ಷೇಮ ಕೋರಿದ್ದಾರೆ.

ಏಡನ್ನಿನಿಂದ ಬಂದ ಆ ಪತ್ರಗಳಲ್ಲಿ ಮೆಣಸು, ಕಬ್ಬಿಣ, ಅಡಿಕೆಯ ಲೆಕ್ಕದ ಜೊತೆಗೆ ಸಕ್ಕರೆ, ಒಣದ್ರಾಕ್ಷಿ, ಬಿಳಿ ಕಾಗದದಂಥ ಉಡುಗೊರೆಗಳ ಪಟ್ಟಿಯೂ ಇರುತ್ತದೆ. 'ಬೆಲೆಯಿಲ್ಲದ ವಸ್ತು' ಎಂಬ ವಿನಯದ ಮಾತಿನೊಂದಿಗೆ ಅವನ್ನು ಕಳಿಸುತ್ತಿದ್ದರು. ಪರಸ್ಪರರ ಸರಕನ್ನು ಸಂಬಳವಿಲ್ಲದೆ ಮಾರಿಕೊಡುವ ಈ ಸ್ನೇಹಕ್ಕೆ 'ಸುಹ್ಬಾ' ಎನ್ನುತ್ತಿದ್ದರು.

ನಂಬಿಕೆ ಕೆಟ್ಟ ಪ್ರಸಂಗವೂ ಅವುಗಳಲ್ಲಿದೆ. ಏಲಕ್ಕಿಗೆಂದು ಮುಂಗಡ ಪಡೆದ ಇಲ್ಲಿನ ಮಧ್ಯವರ್ತಿಯೊಬ್ಬ ಸರಕು ಒಪ್ಪಿಸಲಿಲ್ಲ. ಬೆನ್ ಯಿಜು ಮೆತ್ತಗೆ ಕೇಳಿ ನೋಡಿದ, ಫಲ ಸಿಗಲಿಲ್ಲ. ಆಗ ಏಡನ್ನಿನ ಪಾಲುದಾರ ಒಂದು ಉಪಾಯ ಸೂಚಿಸಿದ: ಮಾತಿಗೆ ತಪ್ಪಿದವರಿಗೆ ನಾವು ಬಹಿಷ್ಕಾರ ಹಾಕುತ್ತೇವೆಂದು ಅವನಿಗೆ ತಿಳಿಸು, ಹೆದರಿಯಾನು. ಸಮುದ್ರದಾಚೆಯವನ ಮೇಲೆ ಯಾವ ನ್ಯಾಯಾಲಯವೂ ನಡೆಯದಿದ್ದಾಗ ಉಳಿದ ಆಯುಧ ಇದೊಂದೇ. ವರ್ತಕನಿಗೆ ಹೆಸರು ಹೋಗುವುದೂ ಅಂಗಡಿ ಮುಚ್ಚುವುದೂ ಒಂದೇ ಆಗಿತ್ತು.

ನಮ್ಮ ಅರಸರಿಗೂ ಈ ಮರ್ಮ ತಿಳಿದಿತ್ತು. ಸಾಳುವ ನರಸಿಂಹ ಹೊರ್ಮುಜ್ ಮತ್ತು ಏಡನ್ನಿನಿಂದ ಕುದುರೆ ತರಿಸುತ್ತಿದ್ದ ಬಗೆಯನ್ನು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿದ್ದಾನೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ, ಬದುಕಿದ ಕುದುರೆಗೆ ಕೊಟ್ಟಷ್ಟೇ ಹಣ ಸಿಗುತ್ತಿತ್ತಂತೆ. ಕೇಳುವುದಕ್ಕೆ ದುಂದುವೆಚ್ಚ. ಆದರೆ ಸಮುದ್ರದ ಅಪಾಯವನ್ನು ಅರಸನೇ ಹೊತ್ತುಕೊಂಡಾಗ ವರ್ತಕ ಮುಂದಿನ ವರ್ಷವೂ ವಿಜಯನಗರದ ದಾರಿ ಹಿಡಿಯುತ್ತಾನೆ. ಕೃಷ್ಣದೇವರಾಯನೂ ತನ್ನ 'ಆಮುಕ್ತಮಾಲ್ಯದ'ದಲ್ಲಿ ಕುದುರೆ, ಆನೆ ತರುವ ಪರದೇಶದ ವರ್ತಕರನ್ನು ಆದರಿಸಬೇಕು, ಅವರಿಗೆ ತಕ್ಕ ಲಾಭ ಬಿಡಬೇಕು ಎಂದು ಹೇಳಿದ್ದಾನೆ.

ಸಂಬಂಧ ಅಲ್ಲಿಗೇ ಮುಗಿಯಲಿಲ್ಲ. 20ನೆಯ ಶತಮಾನದ ನಡುವಿನವರೆಗೂ ಕೊಲ್ಲಿಯ ಹಲವು ಬಂದರುಗಳಲ್ಲಿ ನಮ್ಮ ರೂಪಾಯಿಯೇ ಚಲಾವಣೆಯ ಹಣವಾಗಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರದೇಶಕ್ಕೆಂದೇ ಪ್ರತ್ಯೇಕ ನೋಟು ಹೊರಡಿಸಿತು. ಕುವೈತ್ ತನ್ನ ಸ್ವಂತ ದಿನಾರ್ ತಂದದ್ದು 1961ರಲ್ಲಿ.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅರಬರ ಮನೆಯ ಬೈಠಕ್ಕನ್ನು ನೋಡಬೇಕು. ಅದಕ್ಕೆ 'ಮಜ್ಲಿಸ್' ಎನ್ನುತ್ತಾರೆ. ಅತಿಥಿಗೆ ಮೂರು ದಿನದ ಆತಿಥ್ಯ ಸಲ್ಲಬೇಕೆಂಬುದು ಅಲ್ಲಿನ ಹಳೆಯ ಧರ್ಮ. ಬಂದ ಕೂಡಲೇ 'ಏನು ಬಂದಿರಿ?' ಎಂದು ಕೇಳುವುದು ಸೌಜನ್ಯವಲ್ಲ. ಕೆಲಸದ ಮಾತು ತಡವಾಗುವುದು ಅದಕ್ಕೇ. ಕಾಫಿಯನ್ನು ಸಣ್ಣ ಬಟ್ಟಲಿನಲ್ಲಿ ಸ್ವಲ್ಪವೇ ಬಗ್ಗಿಸಿ ಕೊಡುತ್ತಾರೆ. ಬಲಗೈಯಲ್ಲಿ ತೆಗೆದುಕೊಳ್ಳಬೇಕು. ಸಾಕೆನಿಸಿದಾಗ ಬಟ್ಟಲನ್ನು ಮೆಲ್ಲನೆ ಅಲುಗಾಡಿಸಿ ಹಿಂದಿರುಗಿಸಬೇಕು, ಇಲ್ಲವಾದರೆ ಮತ್ತೆ ಬಗ್ಗಿಸುತ್ತಲೇ ಇರುತ್ತಾರೆ.

ಆದರೆ ಆತಿಥ್ಯವೇ ಒಪ್ಪಿಗೆಯಲ್ಲ. ಇಲ್ಲಿ ನಮ್ಮವರು ಮೋಸಹೋಗುವುದುಂಟು. ನಗುನಗುತ್ತ ಉಣಬಡಿಸಿದವರು ಮರುದಿನ ದರದಲ್ಲಿ ಒಂದು ಕಾಸೂ ಬಿಡದಿರಬಹುದು. 'ಇನ್‌ಷಾ ಅಲ್ಲಾ' ಎಂದರೆ ದೇವರು ಬಯಸಿದರೆ ಎಂದಷ್ಟೇ ಅರ್ಥ. ಅದು ದೃಢವಾದ ಮಾತೂ ಆಗಬಹುದು, ಮುಖ ಮುರಿಯದೆ ಹೇಳಿದ ನಿರಾಕರಣೆಯೂ ಆಗಬಹುದು. ನಾವೂ 'ನೋಡೋಣ ಬಿಡಿ' ಎನ್ನುವುದಿಲ್ಲವೆ? ದನಿಯಿಂದ ತಿಳಿಯಬೇಕು, ತಿಳಿಯದಿದ್ದರೆ ಇಬ್ಬರಿಗೂ ಬೇಕಾದ ಮೂರನೆಯವರಿಂದ ವಿಚಾರಿಸಬೇಕು. ಹತ್ತು ಜನರೆದುರು ತಪ್ಪು ಎತ್ತಿ ತೋರಿಸಿದರೆ ವ್ಯಾಪಾರದ ಜೊತೆಗೆ ಸಂಬಂಧವೂ ಮುರಿಯುತ್ತದೆ.

ಇನ್ನೊಂದು ಎಚ್ಚರಿಕೆ. ಅರಬರೆಲ್ಲ ಒಂದೇ ಅಚ್ಚಿನವರಲ್ಲ. ಅರಬ್ ಲೀಗಿನಲ್ಲಿ 22 ಸದಸ್ಯ ರಾಷ್ಟ್ರಗಳಿವೆ. ಲೆಬನಾನ್, ಈಜಿಪ್ಟ್‌ಗಳಲ್ಲಿ ಕ್ರೈಸ್ತ ವರ್ತಕರೂ ಇದ್ದಾರೆ. ದುಬೈಯ ಗಾಜಿನ ಕಚೇರಿಯಲ್ಲಿ ಗಡಿಯಾರ ನೋಡಿ ಮಾತಾಡುವವರು ಸಿಗಬಹುದು, ಒಮಾನಿನ ಒಳನಾಡಿನಲ್ಲಿ ಬೇರೆಯವರು. ಮೇಲೆ ಹೇಳಿದ್ದನ್ನು ಅಳತೆಗೋಲಾಗಿ ಹಿಡಿದು ಹೋಗಬಾರದು.

ಕಾಫಿಯ ಬೀಜ ಯೆಮನ್ನಿನಿಂದ ಬಾಬಾಬುಡನ್‌ಗಿರಿಗೆ ಬಂತೆಂಬ ಪ್ರತೀತಿ ನಮ್ಮಲ್ಲಿದೆ. ಅರಬರು ಕಾಫಿಗೆ ಹಾಕುವ ಏಲಕ್ಕಿಯಾದರೋ ನಮ್ಮ ಘಟ್ಟಗಳಿಂದ ಶತಮಾನಗಳ ಕಾಲ ಅತ್ತ ಹೋಗಿದೆ. ಆ ಬಟ್ಟಲು ಮುಂದೆ ಬಂದಾಗ ದರಪಟ್ಟಿಯನ್ನು ಸ್ವಲ್ಪ ಹೊತ್ತು ಚೀಲದಲ್ಲೇ ಬಿಟ್ಟರೆ ನಷ್ಟವಿಲ್ಲ. ಮಾತು ಕುದುರಿದ ಮೇಲೆ ಮಾತ್ರ ಎಲ್ಲವನ್ನೂ ಸ್ಪಷ್ಟವಾಗಿ ಬರೆಸಿ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬಾರದು. ಅವರ ಧರ್ಮಗ್ರಂಥವೂ ಹೇಳುವುದು ಅದನ್ನೇ.