ಪಿ.ಆರ್. ಹುಟ್ಟಿದ ಕಥೆ ಬರೆದವರು ಯಾರು?

ಸಿನಿಮಾ ರಿಲೀಸಿಗೆ ಮುಂಚೆ ಓಡಾಡೋ ಪಿ.ಆರ್. ಟೀಮು, ಕಂಪನಿ ಎಡವಟ್ಟು ಮಾಡಿಕೊಂಡ ಮೇಲೆ ಬರೋ ವಿಷಾದದ ಪೋಸ್ಟು, ಇವೆಲ್ಲ ನಿಮಗೆ ಗೊತ್ತಿರೋದೇ. ಈ ಕಸುಬು ಎಲ್ಲಿ ಶುರುವಾಯ್ತು ಅಂತ ಕೇಳಿದರೆ ಪಠ್ಯಪುಸ್ತಕಗಳು ಅಮೆರಿಕದ ಮೂರು ಹೆಸರು ಹೇಳುತ್ತವೆ. ಮೊದಲು ಸರ್ಕಸ್‌ನ ಪಿ.ಟಿ. ಬಾರ್ನಮ್, ಬುರುಡೆ ಬಿಟ್ಟು ಜನ ಸೇರಿಸಿದವನು. ಆಮೇಲೆ ಐವಿ ಲೀ, ನಿಜ ಹೇಳಿದವನು. ಕೊನೆಗೆ ಎಡ್ವರ್ಡ್ ಬರ್ನೇಸ್, ಫ್ರಾಯ್ಡ್‌ನ ಸೋದರಳಿಯ, ಮನಶ್ಶಾಸ್ತ್ರ ತಂದವನು. ಸುಳ್ಳಿನಿಂದ ಸತ್ಯಕ್ಕೆ, ಅಲ್ಲಿಂದ ವಿಜ್ಞಾನಕ್ಕೆ! ನನಗೆ ಈ ಕಥೆ ಅತಿ ಚೊಕ್ಕಟ ಅನ್ನಿಸುತ್ತೆ.

ಲೀಯನ್ನೇ ನೋಡಿ. 1906ರಲ್ಲಿ ಕಲ್ಲಿದ್ದಲು ಮಾಲೀಕರ ಪರವಾಗಿ ಪತ್ರಿಕೆಗಳಿಗೆ ಒಂದು ಘೋಷಣೆ ಕಳಿಸಿದ: ನಮ್ಮದು ಗುಟ್ಟಿನ ಕೆಲಸ ಅಲ್ಲ, ಮಾಹಿತಿಯೆಲ್ಲ ನಿಖರ. ಅದೇ ವರ್ಷ ಅಟ್ಲಾಂಟಿಕ್ ಸಿಟಿ ಹತ್ತಿರ ರೈಲು ಸೇತುವೆಯಿಂದ ನೀರಿಗೆ ಬಿದ್ದು 53 ಜನ ಸತ್ತಾಗ, ಸುದ್ದಿ ಮುಚ್ಚಿಡೋ ಬದಲು ರೈಲ್ವೆ ಕಡೆಯಿಂದ ತಾನೇ ವಿವರ ಕೊಟ್ಟ. ಮೊದಲ ಪ್ರೆಸ್ ರಿಲೀಸ್ ಅಂತ ಇದನ್ನೇ ಕರೆಯೋದುಂಟು.

ಎಂಟು ವರ್ಷದ ನಂತರ ಏನಾಯ್ತು? 1914ರ ಏಪ್ರಿಲ್ 20, ಕೊಲೊರಾಡೊದ ಲಡ್ಲೋ. ರಾಕ್‌ಫೆಲರ್ ಕುಟುಂಬದ ಹಿಡಿತದಲ್ಲಿದ್ದ ಗಣಿ ಕಂಪನಿಯ ವಿರುದ್ಧ ಮುಷ್ಕರ ಹೂಡಿದ್ದ ಕಾರ್ಮಿಕರು ಹೆಂಡತಿ ಮಕ್ಕಳ ಜೊತೆ ಡೇರೆಗಳಲ್ಲಿದ್ದರು. ಸೈನಿಕರು ಗುಂಡು ಹಾರಿಸಿದರು, ಡೇರೆಗಳಿಗೆ ಬೆಂಕಿ ಬಿತ್ತು. ಒಂದು ಡೇರೆಯ ಕೆಳಗಿನ ಗುಂಡಿಯಲ್ಲಿ ಅಡಗಿದ್ದ ಇಬ್ಬರು ಹೆಂಗಸರು, 11 ಮಕ್ಕಳು ಸತ್ತರು. ಆಮೇಲೆ ರಾಕ್‌ಫೆಲರ್ ಕರೆಸಿದ್ದು ಲೀಯನ್ನು. ಅವನು ಹಂಚಿದ ಬುಲೆಟಿನ್‌ಗಳಲ್ಲಿ ಕಾರ್ಮಿಕ ನಾಯಕರ ಸಂಬಳವನ್ನು ವಿಪರೀತ ಉಬ್ಬಿಸಿ ಬರೆದಿತ್ತು. ವಿಚಾರಣಾ ಆಯೋಗ ಕೇಳಿದಾಗ, ಗಣಿ ಮಾಲೀಕರು ಕೊಟ್ಟಿದ್ದನ್ನು ತಾನು ಪರಿಶೀಲಿಸಲೇ ಇಲ್ಲ ಅಂತ ಒಪ್ಪಿಕೊಂಡ. ನಿಖರ ಮಾಹಿತಿಯ ಘೋಷಣೆ ಬರೆದವನೂ ಇವನೇ ತಾನೆ? ಸ್ಟುವರ್ಟ್ ಯೂವೆನ್‌ನಂಥ ಇತಿಹಾಸಕಾರರು ಪಿ.ಆರ್. ಹುಟ್ಟನ್ನು ಇಂಥ ಕಡೆಯೇ ಹುಡುಕುತ್ತಾರೆ: ಜನರ ಸಿಟ್ಟಿಗೆ ದೊಡ್ಡ ಬಂಡವಾಳ ಹೆದರಿದ ಕಾಲದಲ್ಲಿ.

ಬ್ರಿಟನ್‌ಗೆ ಹೋದರೆ ಕಥೆಯೇ ಬೇರೆ. ಅಲ್ಲಿ ಈ ಕಸುಬಿಗೆ ಅಡಿಪಾಯ ಹಾಕಿದವರಲ್ಲಿ ಸರ್ಕಾರಿ ಮತ್ತು ಸ್ಥಳೀಯ ಸಂಸ್ಥೆಗಳ ಅಧಿಕಾರಿಗಳೇ ಮುಂದು ಅಂತ ಜಾಕಿ ಲೆಟಾಂಗ್ ತೋರಿಸಿದ್ದಾರೆ. ಸರ್ಕಸ್ಸೂ ಇಲ್ಲ, ರಾಕ್‌ಫೆಲರೂ ಇಲ್ಲ.

ಹಾಗಿದ್ದೂ ಅಮೆರಿಕದ ಆ ಕಥೆ ಇಷ್ಟು ಗಟ್ಟಿಯಾಗಿ ನಿಂತಿದ್ದು ಯಾಕೆ? ಒಂದು ಕಾರಣ ಬರ್ನೇಸ್ ಅಂತ ನನ್ನ ಅನಿಸಿಕೆ. 1929ರ ಈಸ್ಟರ್ ಹಬ್ಬದಲ್ಲಿ ನ್ಯೂಯಾರ್ಕ್‌ನ ಬೀದಿಯಲ್ಲಿ ಯುವತಿಯರ ಕೈಗೆ ಸಿಗರೇಟು ಕೊಡಿಸಿ, ಅದನ್ನು ಸ್ವಾತಂತ್ರ್ಯದ ಪಂಜು ಅನ್ನಿಸಿದ ಆಸಾಮಿ. ಹಿಂದೆ ಇದ್ದದ್ದು ತಂಬಾಕು ಕಂಪನಿಯ ದುಡ್ಡು. ಒಂದೇ ದಿನದಲ್ಲಿ ಹೆಂಗಸರ ಸಿಗರೇಟಿನ ಮೇಲಿದ್ದ ಕಟ್ಟುಪಾಡು ಮುರಿದುಬಿತ್ತು ಅನ್ನೋ ಹಾಗೆ ಈ ಕಥೆ ಓಡಾಡುತ್ತೆ. ಆದರೆ ಅವರ ಧೂಮಪಾನ ಅದಕ್ಕೂ ಮೊದಲೇ ಏರುತ್ತಿತ್ತು.

ಲೀ 1934ರಲ್ಲೇ ತೀರಿಕೊಂಡ. ಬರ್ನೇಸ್ ಬದುಕಿದ್ದು 1995ರವರೆಗೆ, 103 ವರ್ಷ. ಪಠ್ಯಪುಸ್ತಕ ಬರೆದ, ಆತ್ಮಕಥೆ ಬರೆದ, ಮನೆಗೆ ಬಂದ ಇತಿಹಾಸಕಾರರಿಗೆ ಸಂದರ್ಶನ ಕೊಟ್ಟ.

ಲಡ್ಲೋದವರ ಹತ್ತಿರ ಪಿ.ಆರ್. ಏಜೆಂಟ್ ಇರಲಿಲ್ಲ. 1918ರಲ್ಲಿ ಗಣಿ ಕಾರ್ಮಿಕರ ಸಂಘ ಅಲ್ಲೊಂದು ಕಲ್ಲಿನ ಸ್ಮಾರಕ ನಿಲ್ಲಿಸಿತು. ಸತ್ತವರ ಹೆಸರುಗಳನ್ನು ಅದರಲ್ಲಿ ಕೆತ್ತಿದ್ದಾರೆ.