ಹೆಲ್ಸಿಂಕಿಯಿಂದ ಟೋಕಿಯೋ ಎಷ್ಟು ದೂರ?

ಹೆಲ್ಸಿಂಕಿ ಫಿನ್ಲೆಂಡ್ ದೇಶದ ರಾಜಧಾನಿ, ಟೋಕಿಯೋ ಜಪಾನಿನ ರಾಜಧಾನಿ. ಶಾಲೆಯ ಗ್ಲೋಬ್ ಮೇಲೆ ಈ ಎರಡು ಊರಿಗೆ ದಾರ ಹಿಡಿದರೆ ಅದು ರಷ್ಯಾದ ಸೈಬೀರಿಯದ ಮೇಲೆ ಹಾದುಹೋಗುತ್ತದೆ. ಲೆಕ್ಕ ಹಾಕಿದರೆ ದೂರ ಸುಮಾರು 7,800 ಕಿ.ಮೀ. ಆದರೆ ವಿಮಾನಗಳು ಎಷ್ಟೋ ವರ್ಷ ಈ ನೇರ ದಾರಿ ಹಿಡಿಯಲೇ ಆಗಿಲ್ಲ.

ಇದರ ಹಿಂದೆ ಒಂದು ಕಾನೂನಿದೆ. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಪೂರ್ತಿ ಹಕ್ಕು ಇದೆ ಎಂದು 1944ರ ಷಿಕಾಗೋ ಒಪ್ಪಂದದ ಮೊದಲ ಕಲಮೇ ಹೇಳುತ್ತದೆ. ಪಕ್ಕದ ಹೊಲದವರು ಬದುವಿನ ದಾರಿಗೆ ಬೇಲಿ ಹಾಕಿದರೆ ನಾವು ಹಳ್ಳ ಸುತ್ತಿ ಹೋಗುತ್ತೇವಲ್ಲ, ಹಾಗೆ.

ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವೆ ಶೀತಲ ಸಮರ ನಡೆದಿದ್ದ ಕಾಲದಲ್ಲಿ ಸೋವಿಯತ್ ಸರ್ಕಾರ ಸೈಬೀರಿಯದ ಆಕಾಶ ಮುಚ್ಚಿತ್ತು. ಯುರೋಪಿನಿಂದ ಜಪಾನಿಗೆ ಹೋಗುವವರು ಭಾರತ, ಥಾಯ್ಲೆಂಡ್ ಕಡೆಯಿಂದ ಸುತ್ತಬೇಕಿತ್ತು. 1957ರ ಫೆಬ್ರವರಿಯಲ್ಲಿ ಎಸ್ಎಎಸ್ ಎಂಬ ಕಂಪನಿ ಉತ್ತರ ಧ್ರುವದ ದಾರಿ ಹಿಡಿಯಿತು. ಅದರ ವಿಮಾನ ಡೆನ್ಮಾರ್ಕಿನ ಕೋಪನ್ ಹೇಗನ್ ನಿಂದ ಹೊರಟು, ಅಮೆರಿಕದ ಅಲಾಸ್ಕದಲ್ಲಿರುವ ಆಂಕರೇಜಿನಲ್ಲಿ ಇಂಧನ ತುಂಬಿಸಿಕೊಂಡು ಟೋಕಿಯೋ ಸೇರಿತು. ಸುಮಾರು 50 ಗಂಟೆಯ ಪ್ರಯಾಣ 32 ಗಂಟೆಗೆ ಇಳಿಯಿತು.

1983ರ ಏಪ್ರಿಲ್ 22ರಂದು ಫಿನ್ಲೆಂಡಿನ ಫಿನ್ಏರ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಹೆಚ್ಚುವರಿ ಇಂಧನ ಟ್ಯಾಂಕ್ ಅಳವಡಿಸಿದ ಡಿಸಿ-10 ವಿಮಾನ ಧ್ರುವದ ಮೇಲೆ ಹಾರಿ, ಎಲ್ಲೂ ಇಳಿಯದೆ ಸುಮಾರು 13 ಗಂಟೆಯಲ್ಲಿ ಟೋಕಿಯೋ ತಲುಪಿತು.

ಬೇಲಿ ದಾಟಿದರೆ ಏನಾಗುತ್ತದೆ ಎಂಬುದು ಅದೇ ವರ್ಷ ಗೊತ್ತಾಯಿತು. ಸೆಪ್ಟೆಂಬರ್ 1ರಂದು ಆಂಕರೇಜಿನಿಂದ ಸೋಲ್ ಗೆ ಹೊರಟಿದ್ದ ಕೊರಿಯನ್ ಏರ್ ಲೈನ್ಸ್ ವಿಮಾನ ದಾರಿ ತಪ್ಪಿ ಸೋವಿಯತ್ ಆಕಾಶ ಹೊಕ್ಕಿತು. ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. ಅದರಲ್ಲಿದ್ದ 269 ಜನರೂ ಸತ್ತರು.

ಶೀತಲ ಸಮರ ತಣ್ಣಗಾದ ಮೇಲೆ ಸೈಬೀರಿಯದ ದಾರಿ ತೆರೆಯಿತು. ಹಾದುಹೋಗುವುದಕ್ಕೆ ರಷ್ಯಾ ಶುಲ್ಕ ವಸೂಲಿ ಮಾಡುತ್ತಿತ್ತು. ಆದರೂ ಹೆಲ್ಸಿಂಕಿ–ಟೋಕಿಯೋ ಪ್ರಯಾಣ ಒಂಬತ್ತೂವರೆ ಗಂಟೆಗೆ ಇಳಿಯಿತು. ಏಷ್ಯಾಕ್ಕೆ ಹತ್ತಿರದ ದಾರಿ ನಮ್ಮದು ಎನ್ನುವುದರ ಮೇಲೆಯೇ ಫಿನ್ಏರ್ ತನ್ನ ವ್ಯಾಪಾರ ಕಟ್ಟಿತು.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿತು. ಯುರೋಪಿನ ದೇಶಗಳು ರಷ್ಯಾದ ವಿಮಾನಗಳಿಗೆ ಆಕಾಶ ಮುಚ್ಚಿದವು, ರಷ್ಯಾ ಅವರ ವಿಮಾನಗಳಿಗೆ ಮುಚ್ಚಿತು. ಫಿನ್ಏರ್ ಮತ್ತೆ ಧ್ರುವದ ದಾರಿಗೆ ಮರಳಿತು. ಪ್ರಯಾಣ ಮತ್ತೆ 13 ಗಂಟೆ! 1983ಕ್ಕಿಂತ ಎಷ್ಟೋ ಒಳ್ಳೆಯ ವಿಮಾನ, ಸಮಯ ಮಾತ್ರ ಅಷ್ಟೇ. ಚೀನಾದ ವಿಮಾನಗಳಿಗೆ ಈ ನಿರ್ಬಂಧ ಇಲ್ಲ. ಅವು ಇಂದಿಗೂ ರಷ್ಯಾದ ಮೇಲೆಯೇ ಯುರೋಪಿಗೆ ಹಾರುತ್ತವೆ.

ಇದು ದೂರದವರ ಕಥೆ ಮಾತ್ರವಲ್ಲ. 2019ರಲ್ಲಿ ಬಾಲಾಕೋಟ್ ದಾಳಿಯ ನಂತರ ಸುಮಾರು ಐದು ತಿಂಗಳು, ಮತ್ತೆ 2025ರ ಏಪ್ರಿಲ್ ನಲ್ಲಿ, ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿತು. ದಿಲ್ಲಿಯಿಂದ ಯುರೋಪ್, ಅಮೆರಿಕಕ್ಕೆ ಹೋಗುವ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಸುತ್ತಬೇಕಾಯಿತು. ಸುತ್ತಿದಷ್ಟೂ ಇಂಧನದ ಖರ್ಚು ಹೆಚ್ಚು. ಮಕ್ಕಳು ವಿದೇಶದಲ್ಲಿರುವ ಮನೆಯವರು ಟಿಕೆಟ್ ನೋಡುವಾಗ ಊರುಗಳ ದೂರದ ಜೊತೆಗೆ, ನಡುವೆ ಯಾರ ಆಕಾಶ ಇದೆ, ಅದು ಈಗ ತೆರೆದಿದೆಯೇ ಎಂಬುದನ್ನೂ ನೋಡುವುದು ಒಳ್ಳೆಯದು.