ಕಡಲಾಳದ ತಣ್ಣೀರು ಹೇಳಿದ ಕಥೆ

ಅದು 1751ನೇ ಇಸವಿ. ಅಟ್ಲಾಂಟಿಕ್ ಸಾಗರದಲ್ಲಿ, ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ತುಸು ಉತ್ತರಕ್ಕೆ, ಇಂಗ್ಲಿಷ್ ಹಡಗೊಂದು ಸಾಗುತ್ತಿತ್ತು. ಗುಲಾಮರ ವ್ಯಾಪಾರಕ್ಕೆಂದು ಹೊರಟ ಹಡಗು ಅದು. ಅದರ ಕಪ್ತಾನ ಹೆನ್ರಿ ಎಲಿಸ್‌ನ ಬಳಿ ವಿಶೇಷವಾದ ಒಂದು ಬಕೆಟ್ಟು ಇತ್ತು. ಅದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರೆ, ಆಳದ ನೀರನ್ನು ತುಂಬಿಕೊಂಡು ಮೇಲೆ ಬರುತ್ತಿತ್ತು. ಒಳಗೊಂದು ಉಷ್ಣತಾಮಾಪಕವನ್ನೂ ಇರಿಸಲಾಗಿತ್ತು.

ಅಂದು ಕಡಲಿನ ಮೇಲ್ಮೈ ನೀರಿನ ಉಷ್ಣತೆ ಸುಮಾರು 29 ಡಿಗ್ರಿ ಸೆಲ್ಸಿಯಸ್. ಆದರೆ 3,900 ಅಡಿ ಆಳದಿಂದ ಬಂದ ನೀರು 12 ಡಿಗ್ರಿಯಷ್ಟು ತಣ್ಣಗಿತ್ತು! ಎಲಿಸ್‌ಗೆ ಇದೊಂದು ಮೋಜಾಯಿತು. ಆ ತಣ್ಣೀರನ್ನು ಆತ ತನ್ನ ಮದ್ಯವನ್ನು ತಂಪು ಮಾಡಿಕೊಳ್ಳಲು ಬಳಸಿದ.

ಸುಡುವ ಸೂರ್ಯನ ಕೆಳಗಿನ ಕಡಲಿನಲ್ಲಿ ಈ ತಣ್ಣೀರು ಬಂದದ್ದಾದರೂ ಎಲ್ಲಿಂದ? ಚಳಿಗಾಲದಲ್ಲೂ ಅಷ್ಟೊಂದು ತಣ್ಣಗಾಗದ ಪ್ರದೇಶ ಅದು. 18ನೇ ಶತಮಾನದ ಕೊನೆಯಲ್ಲಿ ಕೌಂಟ್ ರಮ್‌ಫೋರ್ಡ್ ಎಂಬ ವಿಜ್ಞಾನಿ ಇದಕ್ಕೆ ಉತ್ತರ ಸೂಚಿಸಿದ. ಧ್ರುವ ಪ್ರದೇಶದಲ್ಲಿ ತಣ್ಣಗಾದ ನೀರು ಭಾರವಾಗಿ ಮುಳುಗುತ್ತದೆ, ತಳದಲ್ಲೇ ಸಮಭಾಜಕದತ್ತ ಹರಿದು ಬರುತ್ತದೆ, ಅದರ ಬದಲಿಗೆ ಮೇಲ್ಮೈಯ ಬಿಸಿನೀರು ಧ್ರುವದತ್ತ ಸಾಗುತ್ತದೆ ಎಂಬುದು ಆತನ ವಾದ. ಅದು ಬಹುಮಟ್ಟಿಗೆ ನಿಜವಾಯಿತು.

ಈ ಪರಿಚಲನೆಯ ಗುಟ್ಟು ಅಡಗಿರುವುದು ತಣ್ಣಗಾಗುವುದರಲ್ಲಿ ಮತ್ತು ಉಪ್ಪಿನಲ್ಲಿ. ಉಷ್ಣವಲಯದಿಂದ ಉತ್ತರಕ್ಕೆ ಹೊರಟ ನೀರು ಆವಿಯಾಗಿ, ಉಳಿದ ನೀರಿನ ಉಪ್ಪಿನಂಶ ಹೆಚ್ಚುತ್ತದೆ. ಗ್ರೀನ್‌ಲೆಂಡಿನ ಆಸುಪಾಸು ತಲುಪುವಾಗ ಅದು ತನ್ನ ಶಾಖವನ್ನು ಗಾಳಿಗೆ ಬಿಟ್ಟುಕೊಟ್ಟು ಭಾರವಾಗಿ ಆಳಕ್ಕಿಳಿಯುತ್ತದೆ. ವಾಯವ್ಯ ಯೂರೋಪಿನ ಚಳಿ ತಕ್ಕಮಟ್ಟಿಗೆ ಹಿತವಾಗಿರಲು ಈ ಶಾಖವೂ ಒಂದು ಕಾರಣ. ಹೀಗೆ ಸಾಗುವ ನೀರಿನ ಪ್ರಮಾಣ ಸೆಕೆಂಡಿಗೆ ಸರಾಸರಿ 1.7 ಕೋಟಿ ಘನ ಮೀಟರ್. ಅಂದರೆ ಅಮೆಜಾನ್ ನದಿಯ ಹರಿವಿನ ಸುಮಾರು 80 ಪಟ್ಟು.

ಇಷ್ಟು ದೊಡ್ಡ ಯಂತ್ರ ನಿಂತುಹೋಗಬಲ್ಲುದೇ? ಹೌದು ಎಂದು ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ಸಾಗರ ವಿಜ್ಞಾನಿ ಹೆನ್ರಿ ಸ್ಟೊಮೆಲ್. ಅದು 1961ರಲ್ಲಿ. ಉತ್ತರದ ಕಡಲಿಗೆ ಸಿಹಿನೀರು ಹೆಚ್ಚಾಗಿ ಸೇರಿದರೆ ಮೇಲ್ಪದರ ಹಗುರವಾಗುತ್ತದೆ, ಮುಳುಗುವುದು ಕಡಿಮೆಯಾಗುತ್ತದೆ. ಆಗ ದಕ್ಷಿಣದಿಂದ ಬರುವ ಉಪ್ಪುನೀರೂ ಕಡಿಮೆ. ಇದರಿಂದ ಪ್ರವಾಹ ಇನ್ನಷ್ಟು ಸೊರಗುತ್ತದೆ. ಒಂದು ಮಿತಿ ದಾಟಿದರೆ ಅದು ಬೇರೊಂದು ಸ್ಥಿತಿಗೆ ಜಾರುತ್ತದೆ, ಮತ್ತೆ ಮೊದಲಿನಂತಾಗುವುದು ಸುಲಭವಲ್ಲ. ಸ್ಟೊಮೆಲ್ ಅವರ ಈ ಪ್ರಬಂಧವನ್ನು ಹಲವು ವರ್ಷ ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಗಮನ ಸೆಳೆದದ್ದು ಗ್ರೀನ್‌ಲೆಂಡಿನ ಹಿಮ. ಅಲ್ಲಿ ಕೊರೆದು ತೆಗೆದ ಹಿಮದ ಕಂಬಗಳಲ್ಲಿ ಪುರಾತನ ಹವೆಯ ದಾಖಲೆ ಪದರ ಪದರವಾಗಿ ಉಳಿದಿತ್ತು. ಹಿಮಯುಗ ಮುಗಿಯುತ್ತಿದ್ದ ಕಾಲ, ಸುಮಾರು 12,900 ವರ್ಷಗಳ ಹಿಂದೆ, ಉತ್ತರ ಅಟ್ಲಾಂಟಿಕ್ ಸೀಮೆ ಇದ್ದಕ್ಕಿದ್ದಂತೆ ಮತ್ತೆ ಚಳಿಗೆ ಮರಳಿತ್ತು. ಆ ಚಳಿ ಸುಮಾರು 1,200 ವರ್ಷ ಮುಂದುವರಿಯಿತು. ಅದು ಮುಗಿದಾಗ ಗ್ರೀನ್‌ಲೆಂಡಿನ ಉಷ್ಣತೆ ಕೆಲವೇ ದಶಕಗಳಲ್ಲಿ 10 ಡಿಗ್ರಿಯಷ್ಟು ಏರಿತು. ಉತ್ತರ ಅಮೆರಿಕದ ಹಿಮ ಕರಗಿ ಕಡಲಿಗೆ ನುಗ್ಗಿದ ಸಿಹಿನೀರು ಪರಿಚಲನೆಯನ್ನು ಕುಗ್ಗಿಸಿತು ಎಂಬುದು ಬಹಳಷ್ಟು ವಿಜ್ಞಾನಿಗಳ ವಿವರಣೆ. ಕೊಲಂಬಿಯಾ ವಿಶ್ವವಿದ್ಯಾಲಯದ ವ್ಯಾಲೇಸ್ ಬ್ರೋಕರ್ ಇದನ್ನೇ ಆಧಾರವಾಗಿಟ್ಟುಕೊಂಡು 1987ರಲ್ಲಿ ಎಚ್ಚರಿಕೆ ನೀಡಿದರು: ಭೂಮಿಯ ತಾಪ ಏರಿದಂತೆ ಹವಾಮಾನ ನಿಧಾನವಾಗಿಯೇ ಬದಲಾಗುತ್ತದೆ ಎಂದು ನಂಬಿ ಕೂರುವಂತಿಲ್ಲ.

1993ರಲ್ಲಿ ಮನಾಬೆ ಮತ್ತು ಸ್ಟೌಫರ್ ಕಂಪ್ಯೂಟರ್ ಮಾದರಿಯಲ್ಲಿ ಇದನ್ನು ಪರೀಕ್ಷಿಸಿದರು. ಇಂಗಾಲದ ಡೈ ಆಕ್ಸೈಡ್ ಎರಡು ಪಟ್ಟಾದಾಗ ಪರಿಚಲನೆ ಸೊರಗಿ, ಶತಮಾನಗಳ ನಂತರ ಚೇತರಿಸಿಕೊಂಡಿತು. ನಾಲ್ಕು ಪಟ್ಟಾದಾಗ ಹೆಚ್ಚುಕಡಿಮೆ ನಿಂತೇಹೋಯಿತು.

ಹಾಗಾದರೆ ನಿಜವಾದ ಕಡಲಿನಲ್ಲಿ ಏನಾಗುತ್ತಿದೆ? 2005ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಪ್ರವಾಹ ಶೇ 30ರಷ್ಟು ಕುಗ್ಗಿದೆ ಎಂದು ಪ್ರಕಟಿಸಿದಾಗ ಗಾಬರಿ ಹುಟ್ಟಿತು. ಆದರೆ ಅವರ ಕೈಯಲ್ಲಿದ್ದದ್ದು 1957ರಿಂದ 2004ರವರೆಗೆ ಹಡಗುಗಳಲ್ಲಿ ಹೋಗಿ ಮಾಡಿದ ಕೇವಲ ಐದು ಅಳತೆಗಳು. ಅಷ್ಟರಲ್ಲಿ, 2004ರ ವಸಂತದಲ್ಲೇ, ಬಹಾಮಾಸ್‌ನಿಂದ ಆಫ್ರಿಕಾದ ತೀರದವರೆಗೆ ಕಡಲಿನ ತಳಕ್ಕೆ ಕಟ್ಟಿದ ಉಪಕರಣಗಳ ಸಾಲೊಂದು ಬಿಡುವಿಲ್ಲದೆ ಅಳೆಯತೊಡಗಿತ್ತು. ಒಂದೇ ವರ್ಷದಲ್ಲಿ ಹರಿವು ಸೆಕೆಂಡಿಗೆ 40 ಲಕ್ಷ ಘನ ಮೀಟರ್‌ಗೆ ಇಳಿದು 3.5 ಕೋಟಿಯವರೆಗೂ ಏರಿದ್ದನ್ನು ಅದು ತೋರಿಸಿತು. ಇಷ್ಟು ಚಂಚಲವಾದ ಪ್ರವಾಹದ ಹಣೆಬರಹವನ್ನು ಐದು ಅಳತೆಗಳಿಂದ ಓದಲು ಸಾಧ್ಯವಿರಲಿಲ್ಲ.

ಹಾಗೆಂದು ಭಯ ಸುಳ್ಳಾಯಿತೆಂದಲ್ಲ. ಈ ಶತಮಾನದಲ್ಲಿ ಪರಿಚಲನೆ ಕುಗ್ಗುವುದು ಬಹುತೇಕ ಖಚಿತ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಹೇಳಿತು. 2100ಕ್ಕೆ ಮುಂಚೆ ಹಠಾತ್ತನೆ ಕುಸಿಯಲಾರದು ಎಂದೂ ಹೇಳಿತು, ಆದರೆ ಈ ಮಾತಿಗೆ ಅದು ಕೊಟ್ಟದ್ದು ಮಧ್ಯಮ ಮಟ್ಟದ ಭರವಸೆ ಮಾತ್ರ. 2023ರಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಕುಸಿತ ಈ ಶತಮಾನದಲ್ಲೇ ಸಂಭವಿಸಬಹುದೆಂದು ಲೆಕ್ಕ ಹಾಕಿದರು. ಅದನ್ನು ಒಪ್ಪದವರೂ ಅನೇಕರಿದ್ದಾರೆ. ಇತ್ತ ಗ್ರೀನ್‌ಲೆಂಡ್ ವರ್ಷಕ್ಕೆ ಸರಾಸರಿ 25,000 ಕೋಟಿ ಟನ್‌ಗೂ ಹೆಚ್ಚು ಹಿಮ ಕಳೆದುಕೊಳ್ಳುತ್ತಿದೆ.

ಇದು ಯೂರೋಪಿನವರ ಚಿಂತೆ, ನಮಗೇನು ಎನ್ನುವಂತಿಲ್ಲ. ಅರಬ್ಬಿ ಸಮುದ್ರದ ತಳದ ಕೆಸರನ್ನು ಪರೀಕ್ಷಿಸಿದಾಗ, ಹಿಂದೆ ಉತ್ತರ ಅಟ್ಲಾಂಟಿಕ್ ತಣ್ಣಗಾದಾಗಲೆಲ್ಲ ಇತ್ತ ನೈರುತ್ಯ ಮುಂಗಾರು ದುರ್ಬಲವಾಗಿದ್ದದ್ದು ಕಂಡುಬಂದಿದೆ. ಕರಾವಳಿ, ಮಲೆನಾಡುಗಳಿಗೆ ಮಳೆ ತರುವ ಗಾಳಿಗೂ ಗ್ರೀನ್‌ಲೆಂಡಿನ ಬಳಿ ಮುಳುಗುವ ನೀರಿಗೂ ನಂಟಿದೆ.

ಈಗಿನ ಉಪಕರಣಗಳ ಸಾಲು ಇರುವುದು ಹೆಚ್ಚುಕಡಿಮೆ ಎಲಿಸ್ ಬಕೆಟ್ಟು ಇಳಿಸಿದ ಅಕ್ಷಾಂಶದಲ್ಲೇ. ಆತ ಕಂಡ ತಣ್ಣೀರು ಎಲ್ಲಿಂದ ಬಂತೆಂದು ತಿಳಿಯಲು ಸುಮಾರು ಅರ್ಧ ಶತಮಾನ ಹಿಡಿಯಿತು. ಅದರ ಹರಿವನ್ನು ಸತತವಾಗಿ ಅಳೆಯಲು ಎರಡೂವರೆ ಶತಮಾನವೇ ಬೇಕಾಯಿತು. ಮಿತಿ ಎಲ್ಲಿದೆ ಎಂಬುದು ಇನ್ನೂ ನಿಖರವಾಗಿ ಗೊತ್ತಾಗಿಲ್ಲ. ಅದು ಗೊತ್ತಾಗುವವರೆಗೂ ಹೊಗೆ ಉಗುಳುವುದನ್ನು ಕಡಿಮೆ ಮಾಡದೆ ಕಾಯುತ್ತಾ ಕುಳಿತರೆ, ದಾಟಿದ ಮೇಲಷ್ಟೇ ಮಿತಿಯ ಗುರುತು ಸಿಕ್ಕೀತು.